ಉದ್ದ ಕೊಂಡಿ, ಗಿಡ್ಡ ಕೊಂಡಿ, ಅಪ್ಪನ ಮೂರನೇ ಕಾಲಮ್ಮು

“ಬೆಂಗಳೂರು” ಅನ್ನೋ ಪದದಲ್ಲಿ ಎಷ್ಟು ಅಕ್ಷರ? ನಾಲ್ಕು ಅಂತೀರಿ. ಸರಿ. ಈಗ ಕನ್ನಡ ವಿಕಿಪೀಡಿಯದಲ್ಲಿ ಬೆಂಗಳೂರಿನ ಪುಟ ತೆಗೆಯಿರಿ. ಮೇಲಿರುವ ವಿಳಾಸವನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಬ್ರೌಸರಿನಲ್ಲಿ ಅಚ್ಚಗನ್ನಡದಲ್ಲಿ ಮುದ್ದಾಗಿ ಕೂತಿದ್ದದ್ದು ಇಲ್ಲಿಗೆ ಬಂದ ತಕ್ಷಣ ಶೇಕಡಾ ಚಿಹ್ನೆ, ಇ, ಸೊನ್ನೆ, ಮತ್ತೆ ಶೇಕಡಾ ಚಿಹ್ನೆ, ಬಿ, ಎರಡು... ಅಂತ ಮೈಮೇಲೆ ದೆವ್ವ ಬಂದವರ ಹಾಗೆ ಬಡಬಡಿಸಲು ಶುರು ಮಾಡುತ್ತದೆ. ಎಣಿಸಿದರೆ ಆ ಒಂದು ಪದಕ್ಕೇ 72 ಅಕ್ಷರ. ಅದರ ಹಿಂದಿನ ತಾಣದ ಹೆಸರು-ಕುಲಗೋತ್ರದ 30 ಸೇರಿ ಒಟ್ಟು 102.

ಲೆಕ್ಕ ಸುಲಭ. ಯೂನಿಕೋಡಿನ ಕಣ್ಣಿಗೆ ಬೆಂಗಳೂರು ನಾಲ್ಕಕ್ಷರ ಅಲ್ಲ. ಬ, ಅದರ ಎತ್ವ, ಸೊನ್ನೆ, ಗ, ಳ, ದೀರ್ಘದ ಕೊಂಬು, ರ, ಕೊಂಬು, ಹೀಗೆ ಎಂಟು ತುಂಡು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ತುಂಡಿಗೂ ಮೂರು ಬೈಟು. ಜಾಲವಿಳಾಸದಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ, ಕೆಲವೇ ಕೆಲವು ಚಿಹ್ನೆ ಬಿಟ್ಟು ಬೇರೆಯವಕ್ಕೆ ನೇರ ಪ್ರವೇಶ ಇಲ್ಲವಾದ್ದರಿಂದ ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಯಾಗಿ ಬರೆಯಬೇಕು. ಅಲ್ಲಿಗೆ ತುಂಡಿಗೆ ಒಂಬತ್ತು. ಇಂಗ್ಲಿಷಿನಲ್ಲಿ ಅದೇ ಬೆಂಗಳೂರು ಪೂರ್ತಿ ಒಂಬತ್ತು ಅಕ್ಷರದಲ್ಲಿ ಮುಗಿಯುತ್ತದೆ! ನಮ್ಮ ಒಂದು ಕೊಂಬಿಗೆ ಅವರ ಇಡೀ ಊರು ಸಮ. ತಮಿಳು, ಹಿಂದಿಯವರದ್ದೂ ಇದೇ ಪಾಡು ಅಂತ ಬೇಕಿದ್ದರೆ ಸಮಾಧಾನ ಮಾಡಿಕೊಳ್ಳಬಹುದು.

ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಸಂದೇಶಕ್ಕೆ 70 ಅಕ್ಷರವಷ್ಟೇ (ಇಂಗ್ಲಿಷಿಗೆ 160). ಅಂದರೆ ಬೆಂಗಳೂರಿನ ಕೊಂಡಿ ಒಂದು ಸಂದೇಶದಲ್ಲಿ ಹಿಡಿಸುವುದಿಲ್ಲ. ಪರದೆ ಮೇಲೆ ಇದ್ದರೆ ಹಾಳಾಗಿ ಹೋಗಲಿ, ಒತ್ತಿದರೆ ತೆರೆಯುತ್ತದೆ. ಆದರೆ ಕೊಂಡಿಯನ್ನು ಕಾಗದದ ಮೇಲೆ ಅಚ್ಚು ಹಾಕಬೇಕಾಗಿ ಬಂದರೆ?

ನನಗೆ ಬಂದಿತ್ತು. ಕಾರಣ ಅಪ್ಪ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಿಟೈರಾದ ಮೇಲೆ ಸುಮ್ಮನೆ ಕೂರಲಾರದೆ 2011ರಲ್ಲಿ “ಹಾಳೆ” ಅಂತ ಒಂದು ಶುರು ಮಾಡಿದ. ಪತ್ರಿಕೆ ಗಿತ್ರಿಕೆ ಏನಲ್ಲ, ಒಂದು ಎ-ಫೋರ್ ಕಾಗದದ ಎರಡು ಬದಿ, ಅಷ್ಟೇ. ಅಧಿಕಮಾಸ ಯಾಕೆ ಬರುತ್ತದೆ, ಚಂದ್ರ ಯಾಕೆ ಒಂದೇ ಮುಖ ತೋರಿಸುತ್ತಾನೆ, ಆಗುಂಬೆಯ ಮಳೆ, ದೇವರಕಾಡು, ಭಾಗಾಕಾರದ ಅಡ್ಡದಾರಿಗಳು, ಏನು ಹೊಳೆಯಿತೋ ಅದು. ಸಾಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನೂರು ಪ್ರತಿ ತೆಗೆಸಿ ಸುತ್ತಲಿನ ನಾಲ್ಕೈದು ಶಾಲೆಗೆ, ಲೈಬ್ರರಿಗೆ, ತನ್ನ ಹಳೇ ಶಿಷ್ಯರಿಗೆ ಹಂಚುತ್ತಿದ್ದ. ತಿಂಗಳಿಗೊಂದು ಅಂತ ಹೆಸರಿಗೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಎರಡು ತಿಂಗಳಿಗೊಂದು. 2019ರವರೆಗೆ ಒಟ್ಟು 74 ಹಾಳೆ ಬಂತು.

ಪ್ರತಿ ಹಾಳೆಯ ಕೊನೆಯಲ್ಲಿ “ಇನ್ನೂ ಓದಬೇಕೆಂದರೆ” ಅಂತ ನಾಲ್ಕೈದು ಕೊಂಡಿ. ಊರಿನ ಹುಡುಗರ ಕೈಗೆ ಆಗಷ್ಟೇ ಮೊಬೈಲ್ ಬರುತ್ತಿತ್ತು. ಅವರು ಕಾಗದ ನೋಡಿಕೊಂಡು ಒಂದೊಂದೇ ಅಕ್ಷರ ಕುಟ್ಟಿ ಆ ಪುಟಕ್ಕೆ ಹೋಗಲಿ ಅನ್ನೋದು ಅಪ್ಪನ ಆಸೆ. 102 ಅಕ್ಷರದ ಕೊಂಡಿಯನ್ನು ಹತ್ತನೇ ಕ್ಲಾಸಿನ ಹುಡುಗ ಕಾಗದ ನೋಡಿ ಕುಟ್ಟುತ್ತಾನಾ? ನಾನಂತೂ ಕುಟ್ಟಲ್ಲ. ಜೊತೆಗೆ ಎರಡು ಬದಿಯ ಹಾಳೆಯಲ್ಲಿ ಒಂದೊಂದು ಕೊಂಡಿಯೂ ಎರಡು ಮೂರು ಸಾಲು ನುಂಗಿದರೆ ವಿಷಯಕ್ಕೆ ಜಾಗ ಎಲ್ಲಿ?

ಅಪ್ಪ ನುಡಿಯಲ್ಲಿ ಕುಟ್ಟಿ ಮಿಂಚಂಚೆಯಲ್ಲಿ ಕಳಿಸುತ್ತಿದ್ದ. ನಾನು ಬೆಂಗಳೂರಿನಲ್ಲಿ ಕೂತು ಅದನ್ನು ಯೂನಿಕೋಡಿಗೆ ತಂದು, ತಿದ್ದಿ, ಪುಟ ಜೋಡಿಸಿ ವಾಪಸ್ ಕಳಿಸಬೇಕು. ನುಡಿಯ ಹಳೇ ಫಾಂಟಿನಿಂದ ಪರಿವರ್ತಿಸಿದವರಿಗೆ ಗೊತ್ತಿರುತ್ತೆ, ಮಧ್ಯೆ ಇಂಗ್ಲಿಷಿನಲ್ಲಿ ಕೊಂಡಿ ಏನಾದರೂ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂತಲೇ ತಿಳಿದು ಯಾರಿಗೂ ಅರ್ಥವಾಗದ ಒಂದು ಮಂತ್ರವನ್ನಾಗಿ ಮಾಡಿಕೊಡುತ್ತದೆ. ಹಾಗಾಗಿ ಕೊಂಡಿಗಳನ್ನು ಬೇರೆ ಕಡತದಲ್ಲಿ ನಂಬರ್ ಹಾಕಿ ಕಳಿಸು ಅಂದಿದ್ದೆ. ಅಪ್ಪ ಹಾಗೇ ಮಾಡುತ್ತಿದ್ದ. ಮೇಷ್ಟ್ರಿಗೆ ನಂಬರ್ ಹಾಕುವುದು ಅಂದರೆ ಖುಷಿ.

ಉದ್ದದ ಕೊಂಡಿಯನ್ನು ಗಿಡ್ಡ ಮಾಡುವ ಯೋಚನೆ ಹೊಸದೇನಲ್ಲ. ಟೈನಿಯುಆರ್‌ಎಲ್ ಶುರುವಾದದ್ದು 2002ರಲ್ಲಿ. ಮಾಡಿದಾತ ಅಮೆರಿಕದ ಕೆವಿನ್ ಗಿಲ್ಬರ್ಟ್‌ಸನ್. ಆತನಿಗೆ ಒಂಟಿ ಚಕ್ರದ ಸೈಕಲ್ಲಿನ ಹುಚ್ಚು, ಅಂಥವರಿಗಾಗಿಯೇ ಒಂದು ತಾಣ ನಡೆಸುತ್ತಿದ್ದ. ಆ ಕಾಲದ ನ್ಯೂಸ್‌ಗ್ರೂಪುಗಳ ವಿಳಾಸಗಳು ಮಾರುದ್ದ. ಮಿಂಚಂಚೆಯಲ್ಲಿ 70-80 ಅಕ್ಷರಕ್ಕೆ ಸಾಲು ಮುರಿದಾಗ ಕೊಂಡಿಯೂ ಮುರಿದು, ಒತ್ತಿದವರು ಎಲ್ಲೋ ಹೋಗಿ ಬೀಳುತ್ತಿದ್ದರು. ಆ ಕಿರಿಕಿರಿಗೆ ಹುಟ್ಟಿದ್ದು ಅದು. ಟ್ವಿಟರಿನ 140 ಅಕ್ಷರದ ಮಿತಿ ಬಂದ ಮೇಲಂತೂ ಬಿಟ್‌ಲಿ ಮುಂತಾದವು ಮಳೆಗಾಲದ ಅಣಬೆಯ ಹಾಗೆ ಎದ್ದವು. ಒಂಟಿ ಚಕ್ರದ ಸೈಕಲ್ ಸವಾರನಿಂದ ಶುರುವಾಯಿತು ಅನ್ನೋದು ಮಾತ್ರ ನನಗೆ ಯಾವಾಗ ನೆನೆದರೂ ಇಷ್ಟ :)

ಆದರೆ ಒಂದೊಂದೇ ಕೊಂಡಿಯನ್ನು ಬ್ರೌಸರಿನಲ್ಲಿ ಅಂಟಿಸಿ, ಗಿಡ್ಡ ಮಾಡಿಸಿ, ನಕಲು ಮಾಡಿ ತಂದು ಹಾಕುವ ಕೆಲಸ ಇದೆಯಲ್ಲ, ಅದು ಅವರೆಕಾಳು ಹಿಸುಕಿದ ಹಾಗೆ. ಎರಡನೇ ಹಾಳೆಗೇ ಸಾಕಾಯಿತು. ಹಾಗಾಗಿ ಕರಿ ತೆರೆಗೆ ಹೋದೆ. ಕಮ್ಯಾಂಡ್ ಲೈನು ಅಂದರೆ ಹೆದರುವವರಿಗೆ ಒಂದು ಮಾತು. ಅದು ಅಡುಗೆಮನೆಯ ಜರಡಿ ಇದ್ದ ಹಾಗೆ. ಮೇಲಿಂದ ಹಿಟ್ಟು ಸುರಿದರೆ ಕೆಳಗೆ ಹಿಟ್ಟೇ ಬೀಳುತ್ತದೆ, ನಡುವೆ ಏನೋ ಒಂದು ಆಗಿರುತ್ತದೆ, ಅಷ್ಟೇ. ನನ್ನ ಪುಟಾಣಿ ಉಪಕರಣದ ಕೆಲಸವೂ ಅದೇ. ಒಂದು ಕಡೆಯಿಂದ ಅಪ್ಪನ ಪಠ್ಯ ಸುರಿದರೆ ಇನ್ನೊಂದು ಕಡೆಯಿಂದ ಅದೇ ಪಠ್ಯ ಬರಬೇಕು, ಅದರಲ್ಲಿ 40 ಅಕ್ಷರಕ್ಕಿಂತ ಉದ್ದದ ಕೊಂಡಿಗಳು ಮಾತ್ರ ಗಿಡ್ಡ ಆಗಿರಬೇಕು. ಪರ್ಲ್ ಭಾಷೆಯವರ ಸೀಪ್ಯಾನ್ ಭಂಡಾರದಲ್ಲಿ ಇದಕ್ಕೆಂದೇ ಸಿದ್ಧ ಮಾಡ್ಯೂಲುಗಳಿವೆ. ನಾನು ಪರ್ಲಿನಲ್ಲಿ ಹುಡುಕುವ ಕೆಲಸ ಮಾಡಿಸಿ, ಜಾಲದ ಜೊತೆ ಮಾತಾಡುವ ಕೆಲಸವನ್ನು ಕರ್ಲ್‌ಗೆ ಬಿಟ್ಟೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಸಾಕಿಕೊಂಡು ಬಂದಿರುವ ಕರ್ಲ್ ಇಲ್ಲದಿದ್ದರೆ ಅರ್ಧ ಜಗತ್ತಿನ ಇಂಥ ಪುಟ್ಟ ಉಪಕರಣಗಳು ಮೂಕಾಗುತ್ತವೆ. ಗಿಡ್ಡ ಮಾಡುವ ತಾಣಗಳಲ್ಲಿ ಹಲವು “ಈ ವಿಳಾಸದ ಕೊನೆಗೆ ನಿಮ್ಮ ಉದ್ದ ಕೊಂಡಿ ಸೇರಿಸಿ ಕೇಳಿ, ಉತ್ತರವಾಗಿ ಬರೀ ಗಿಡ್ಡ ಕೊಂಡಿ ಕೊಡ್ತೀವಿ” ಅನ್ನುವ ಸರಳ ಬಾಗಿಲು ಇಟ್ಟಿರುತ್ತವೆ. ಅಲ್ಲಿ ತಟ್ಟಿದರಾಯಿತು. ಒಂದು ಎಚ್ಚರ: ಕೊಂಡಿಯಲ್ಲಿ “ಮತ್ತು” ಚಿಹ್ನೆ ಇದ್ದರೆ ಕರಿ ತೆರೆ ಅದನ್ನು ಬೇರೆಯೇ ಆಜ್ಞೆ ಅಂತ ತಿಳಿಯುತ್ತದೆ, ಹಾಗಾಗಿ ಕೊಂಡಿ ಯಾವಾಗಲೂ ಉದ್ಧರಣ ಚಿಹ್ನೆಯ ಒಳಗೇ ಇರಬೇಕು.

ಕೇಳಲಿಕ್ಕೆ ಹತ್ತು ಸಾಲಿನ ಕೆಲಸ. ನಿಜವಾದ ತಲೆನೋವು ಬೇರೆ ಕಡೆ ಇತ್ತು. ಕೊಂಡಿ ಎಲ್ಲಿ ಮುಗಿಯುತ್ತದೆ ಅಂತ ಯಂತ್ರಕ್ಕೆ ಹೇಳುವುದು ಹೇಗೆ?

ಇಂಗ್ಲಿಷಿನವರಿಗೆ ಇದು ಬರೀ ಪೂರ್ಣವಿರಾಮದ ಸಮಸ್ಯೆ. ವಾಕ್ಯದ ಕೊನೆಯಲ್ಲಿ ಕೊಂಡಿ ಬಂದರೆ ಚುಕ್ಕಿ ವಾಕ್ಯದ್ದೋ ಕೊಂಡಿಯದ್ದೋ ಅಂತ. ನಮಗೆ ವಿಭಕ್ತಿ ಪ್ರತ್ಯಯ ಇದೆಯಲ್ಲ! ಅಪ್ಪ ಸಲೀಸಾಗಿ ಕೊಂಡಿಯ ಬಾಲಕ್ಕೇ “ನಲ್ಲಿ”, “ಗೆ”, “ಯಿಂದ” ಅಂಟಿಸುತ್ತಿದ್ದ. ಇಂಗ್ಲಿಷ್ ಅಕ್ಷರ ನಿಂತ ಕೂಡಲೇ ಕೊಂಡಿ ಮುಗಿಯಿತು ಅಂತ ಹೇಳಿಕೊಡೋಣ ಅಂದರೆ ಅದೂ ಆಗಲ್ಲ. ಬಿಡಿಸಿ ಬರೆದ ಕನ್ನಡ ವಿಕಿಪೀಡಿಯದ ಕೊಂಡಿಯಲ್ಲಿ ಕನ್ನಡ ಅಕ್ಷರಗಳು ನ್ಯಾಯವಾಗಿಯೇ ಇರುತ್ತವೆ. “...ಕುವೆಂಪುಗೆ” ಅಂತ ಇದ್ದರೆ ಕೊನೆಯ “ಗೆ” ಪುಟದ ಹೆಸರಿನ ಭಾಗವೋ ಚತುರ್ಥಿ ವಿಭಕ್ತಿಯೋ ಅಂತ ಪಾಣಿನಿ ಬಂದರೂ ಹೇಳಲಾರ. ಇನ್ನೊಂದು ಕಣ್ಣಿಗೆ ಕಾಣದ ಪಿಶಾಚಿ: “ಫೇಸ್‌ಬುಕ್” ಅಂತ ಬರೆಯುವಾಗ ಸ-ಬ ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವಲ್ಲ, ಅದು ಎಷ್ಟೋ ಸಲ ನಕಲು ಮಾಡುವಾಗ ಕೊಂಡಿಯ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ನೋಡಲು ಎರಡೂ ಕೊಂಡಿ ಒಂದೇ. ಒಂದು ತೆರೆಯುತ್ತದೆ, ಇನ್ನೊಂದು “ಪುಟ ಇಲ್ಲ” ಅನ್ನುತ್ತದೆ.

ಕೊನೆಗೆ ಯಂತ್ರಕ್ಕೆ ಬುದ್ಧಿ ಕಲಿಸುವ ಬದಲು ಕೊಂಡಿಗೆ ಬೇಲಿ ಹಾಕಿದ್ದಾಯಿತು. ಕೊಂಡಿಯ ಎರಡೂ ಬದಿಗೆ ಗಣಿತದ “ಕಡಿಮೆ”, “ಹೆಚ್ಚು” ಚಿಹ್ನೆ. ಅಪ್ಪನಿಗೆ ಹೇಳಿದ ಕೂಡಲೇ ಒಪ್ಪಿಗೆಯಾಯಿತು. ಆಮೇಲೆ ನೋಡಿದರೆ ಜಾಲವಿಳಾಸದ ವ್ಯಾಕರಣವನ್ನು ನಿಗದಿ ಮಾಡಿದ 2005ರ ಆರ್‌ಎಫ್‌ಸಿ 3986ರ ಅನುಬಂಧದಲ್ಲಿ ಇದೇ ಸಲಹೆ ಇದೆ. ಅದನ್ನು ಬರೆದವರಲ್ಲಿ ಮೊದಲ ಹೆಸರು ಟಿಮ್ ಬರ್ನರ್ಸ್-ಲೀ ಅವರದ್ದು. ಅಪ್ಪನಿಗೆ ಹೇಳಿದೆ. “ಅವರೂ ಮೇಷ್ಟ್ರಾಗಿದ್ರಾ?” ಅಂದ.

ಗಿಡ್ಡ ಮಾಡುವ ಮೊದಲು ಕೊಂಡಿಯ ಮೈ ತೊಳೆಯುವ ಕೆಲಸವೂ ಇದೆ. ಪ್ರಶ್ನಾರ್ಥಕ ಚಿಹ್ನೆಯ ನಂತರ ಯುಟಿಎಂ ಅಂತ ಶುರುವಾಗುವ ಬಾಲಂಗೋಚಿಗಳು, 2018ರಿಂದ ಫೇಸ್‌ಬುಕ್ಕು ಅಂಟಿಸಲು ಶುರು ಮಾಡಿದ ಎಫ್‌ಬಿಕ್ಲಿಡ್, ಇವೆಲ್ಲ ನೀವು ಎಲ್ಲಿಂದ ಬಂದಿರಿ ಅಂತ ಬೆನ್ನು ಹತ್ತಲಿಕ್ಕೆ ಇರುವವು. ಕತ್ತರಿಸಿ ಬಿಸಾಕಿದರೆ ಪುಟಕ್ಕೇನೂ ಆಗಲ್ಲ. ಎಷ್ಟೋ ಕೊಂಡಿಗಳು ಇಷ್ಟಕ್ಕೇ ಅರ್ಧಕ್ಕಿಳಿದು, ಯಾರ ಸೇವೆಯೂ ಬೇಡವಾಗುತ್ತಿತ್ತು. ನೀವು ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ ಮಾರಾಯ್ರೆ.

ಮೊದಲ ಸಲ ಗಿಡ್ಡ ಕೊಂಡಿಗಳಿರುವ ಹಾಳೆ ಕೈಗೆ ಬಂದಾಗ ಅಪ್ಪನಿಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆ. ಫೋನು ಬಂತು.

“ಇದೆಂಥದು ಮಗಾ, ಆರೇ ಅಕ್ಷರ? ನೂರಕ್ಷರದ್ದನ್ನ ಆರಕ್ಕೆ ಹೇಗೆ ಹಿಂಡಿದೆ?”

ಹಿಂಡಿದ್ದಲ್ಲ ಅಂತ ವಿವರಿಸಿದೆ. ಸಣ್ಣಕ್ಷರ 26, ದೊಡ್ಡಕ್ಷರ 26, ಅಂಕಿ 10, ಒಟ್ಟು 62 ಚಿಹ್ನೆ. ಆರು ಜಾಗ. ಅಪ್ಪ ಅಲ್ಲೇ ಕಾಗದದ ಮೇಲೆ ಗುಣಿಸಿದ. ಫೋನಿನಲ್ಲಿ ಪೆನ್ನಿನ ಸದ್ದು ಕೇಳುತ್ತಿತ್ತು. “5,680 ಕೋಟಿ” ಅಂದ. ಸ್ವಲ್ಪ ಹೊತ್ತು ಮಾತಿಲ್ಲ.

“ಹಾಗಾದ್ರೆ ಇದರೊಳಗೆ ಆ ಪುಟದ ವಿಳಾಸ ಇಲ್ಲವೇ ಇಲ್ಲ. ಇದು ಬರೀ ಮಂಡಿ ಚೀಟಿ.”

ಸಾಗರದ ಕಡೆಯವರಿಗೆ ಅಡಿಕೆ ಮಂಡಿ ಗೊತ್ತು. ಮೂಟೆ ಹಾಕಿ ಬಂದರೆ ಕೈಗೆ ಒಂದು ಚೀಟಿ ಕೊಡುತ್ತಾರೆ, ಅದರ ಮೇಲೊಂದು ನಂಬರು. ಅಡಿಕೆ ಚೀಟಿಯೊಳಗೆ ಇರೋದಿಲ್ಲ. ನಂಬರಿಗೆ ಎದುರಾಗಿ ಎಷ್ಟು ಮೂಟೆ, ಯಾರದು ಅಂತ ಮಂಡಿಯ ಪುಸ್ತಕದಲ್ಲಿ ಇರುತ್ತದೆ. ಗಿಡ್ಡ ಕೊಂಡಿಯೂ ಅಷ್ಟೇ. ನೀವು ಅದನ್ನು ಒತ್ತಿದಾಗ ಆ ತಾಣ ತನ್ನ ಪುಸ್ತಕ ನೋಡಿ “301, ಶಾಶ್ವತವಾಗಿ ಇಲ್ಲಿಗೆ ಸ್ಥಳಾಂತರವಾಗಿದೆ” ಅಂತ ನಿಮ್ಮ ಬ್ರೌಸರಿಗೆ ಹೇಳಿ ಮುಂದಕ್ಕೆ ದಾಟಿಸುತ್ತದೆ. ಶಾಶ್ವತವಾಗಿ ಅನ್ನೋ ಪದ ನಿಜವಾಗಿಯೂ ಅದರಲ್ಲಿದೆ.

“ಮಂಡಿ ಮುಚ್ಚಿದ್ರೆ?” ಅಂತ ಕೇಳಿದ ಅಪ್ಪ.

ಇದು ಸುಮ್ಮನೆ ಕೇಳಿದ್ದೇನಲ್ಲ. 2009ರ ಆಗಸ್ಟಿನಲ್ಲೇ ಟ್ರಿಮ್ ಅನ್ನೋ ಗಿಡ್ಡ ಕೊಂಡಿಯ ಸೇವೆ ಅಂಗಡಿ ಮುಚ್ಚುತ್ತೇವೆ ಅಂತ ಘೋಷಿಸಿ, ಗದ್ದಲವಾಗಿ, ಹಿಂದೆ ಸರಿದಿತ್ತು. 2010ರಲ್ಲಿ ವಿಬಿ ಡಾಟ್ ಎಲ್‌ವೈ ಅನ್ನೋದನ್ನು ಲಿಬಿಯಾದ ನೋಂದಣಿಯವರು ಕಿತ್ತುಕೊಂಡರು. ಎಲ್‌ವೈ ಅನ್ನೋ ಬಾಲ ಲಿಬಿಯಾ ದೇಶದ್ದು ಅಂತ ಎಷ್ಟೋ ಜನಕ್ಕೆ ಗೊತ್ತಾದದ್ದೇ ಆಗ. ಗಿಡ್ಡ ಹೆಸರಿನ ಆಸೆಗೆ ಲಿಬಿಯಾ, ಗ್ರೀನ್‌ಲ್ಯಾಂಡ್, ಗ್ರೆನಡಾ ಅಂತ ದೇಶಾಂತರ ಹೋಗಿ ಮನೆ ಕಟ್ಟಿದ್ದರು ಎಲ್ಲರೂ. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ, ಅವನಿಗೆ ಮಂಡಿ ಗೊತ್ತಿತ್ತು.

ಅವನ ಎರಡನೇ ತಕರಾರು ಇನ್ನೂ ಖಾರ. “ಇದನ್ನ ನೋಡಿದ್ರೆ ಎಲ್ಲಿಗೆ ಹೋಗುತ್ತೆ ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಉದ್ದದ್ದಾದ್ರೆ ಕನಿಷ್ಠ ವಿಕಿಪೀಡಿಯ ಅಂತ ಕಾಣ್ತಿತ್ತು. ಇದು ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ.” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕರೆಂಟ್ ಕಟ್ ಮಾಡ್ತೀವಿ ಅಂತಲೋ ಬ್ಯಾಂಕ್ ಖಾತೆ ನಿಂತಿದೆ ಅಂತಲೋ ಬರುವ ಮೋಸದ ಸಂದೇಶಗಳಲ್ಲಿ ಗಿಡ್ಡ ಕೊಂಡಿ ಇರೋದು ಇದೇ ಕಾರಣಕ್ಕೆ. 2024ರ ಅಕ್ಟೋಬರ್ 1ರಿಂದ ಟ್ರಾಯ್, ಮೊದಲೇ ನೋಂದಾಯಿಸದ ಕೊಂಡಿಗಳಿರುವ ವಾಣಿಜ್ಯ ಎಸ್ಸೆಮ್ಮೆಸ್ಸುಗಳನ್ನು ತಡೆಯಿರಿ ಅಂತ ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡಬೇಕಾಗಿ ಬಂತು.

ವಾದ ಮೂರು ಹಾಳೆಯಷ್ಟು ಕಾಲ ನಡೆಯಿತು. ಕೊನೆಗೆ ರಾಜಿ. ಗಿಡ್ಡ ಕೊಂಡಿ ಇರಲಿ, ಆದರೆ ನಮ್ಮದೂ ಒಂದು ಪುಸ್ತಕ ಇರಬೇಕು. ಉಪಕರಣ ಪ್ರತಿ ಸಲ ಗಿಡ್ಡ ಮಾಡಿದಾಗಲೂ ಒಂದು ಕಡತಕ್ಕೆ ಒಂದು ಸಾಲು ಬರೆಯುತ್ತದೆ. ಮೊದಲ ಕಾಲಮ್ಮಿನಲ್ಲಿ ಗಿಡ್ಡದ್ದು, ಎರಡನೆಯದರಲ್ಲಿ ಉದ್ದದ್ದು. ಒಂದೇ ಕೊಂಡಿ ಮತ್ತೆ ಬಂದರೆ ಮೊದಲು ನಮ್ಮ ಪುಸ್ತಕ ನೋಡುತ್ತದೆ, ಇಲ್ಲದಿದ್ದರೆ ಮಾತ್ರ ಅವರ ಬಾಗಿಲು ತಟ್ಟುತ್ತದೆ. ಪುಕ್ಕಟೆ ಕೊಡುವವರನ್ನು ಸುಮ್ಮಸುಮ್ಮನೆ ತಟ್ಟಬಾರದಲ್ಲ. ಮೂರನೇ ಕಾಲಮ್ಮು ಅಪ್ಪನ ಹಠ. “ಅಲ್ಲಿ ಏನಿದೆ ಅಂತ ಒಂದು ಸಾಲು ಬರೀಬೇಕು. ನಾನು ಬರೀತೀನಿ, ನೀನು ಜಾಗ ಬಿಡು ಸಾಕು.”

ಅವನು ಬರೆದ. ಎಂಟು ವರ್ಷ ಬಿಡದೆ ಬರೆದ. ಆ ಸಾಲುಗಳನ್ನು ಆಗ ನಾನು ಓದುತ್ತಿದ್ದದ್ದು ಕಡಿಮೆ, ಉಪಕರಣ ಓದುತ್ತಿರಲೇ ಇಲ್ಲ. “ಚಂದ್ರನ ಮುಖದ ಬಗ್ಗೆ. ಚಿತ್ರ ಚೆನ್ನಾಗಿದೆ, ಕೊನೆಯ ಪ್ಯಾರಾ ಬಿಡಬಹುದು.” “ಕಾಪ್ರೇಕರ್ ಸಂಖ್ಯೆ 6174. ಏಳನೇ ಕ್ಲಾಸಿನವರಿಗೂ ಆಗುತ್ತೆ.” “ಮಳೆ ಅಳೆಯೋದು ಹೇಗೆ. ಇಂಗ್ಲಿಷ್ ಸ್ವಲ್ಪ ಕಷ್ಟ, ಟೀಚರ್ ಓದಿ ಹೇಳಬೇಕು.” ಹೀಗೆ 312 ಸಾಲು.

ಅಪ್ಪ 2020ರಲ್ಲಿ ಹೋದ.

2022ರ ಮಳೆಗಾಲದಲ್ಲಿ ಒಂದು ಫೋನು. ಹೊಸನಗರದ ಕಡೆ ಹೈಸ್ಕೂಲಿನಲ್ಲಿ ಟೀಚರ್ ಆಗಿರುವವರು, ಅಪ್ಪನ ಶಿಷ್ಯೆ. ಹಾಳೆಗಳನ್ನೆಲ್ಲ ಲ್ಯಾಮಿನೇಟ್ ಮಾಡಿಸಿ ಕ್ಲಾಸಿನಲ್ಲಿ ಇಟ್ಟುಕೊಂಡಿದ್ದಾರಂತೆ. ಮಕ್ಕಳು ಸರದಿಯಲ್ಲಿ ಮನೆಗೆ ಒಯ್ಯುತ್ತಾರಂತೆ. ಕೇಳಿ ಗಂಟಲು ಕಟ್ಟಿತು. ಆಮೇಲೆ ಅವರು ಹಿಂಜರಿಯುತ್ತಾ ಹೇಳಿದರು, “ಬೇಜಾರು ಮಾಡ್ಕೋಬೇಡಿ... ಮೇಷ್ಟ್ರ ಹಾಳೆಯಲ್ಲಿರೋ ಚಂದ್ರನ ಲಿಂಕ್ ಒತ್ತಿದ್ರೆ ರಮ್ಮಿ ಆಟ ಬರ್ತಿದೆ.”

ನಾವು ಬಳಸುತ್ತಿದ್ದ ಸೇವೆ (ಹೆಸರು ಬೇಡ, ಹೋದವರ ಬಗ್ಗೆ ಮಾತೇಕೆ) ಬಾಗಿಲು ಹಾಕಿತ್ತು. ಅಷ್ಟೇ ಆಗಿದ್ದರೆ “ಪುಟ ಇಲ್ಲ” ಅಂತ ಬರುತ್ತಿತ್ತು. ಆದರೆ ಆ ಹೆಸರು ಹರಾಜಿಗೆ ಬಂದು, ಯಾರೋ ಕೊಂಡು, ಬಂದವರನ್ನೆಲ್ಲ ಜೂಜಿನ ತಾಣಕ್ಕೆ ದಾಟಿಸುತ್ತಿದ್ದರು. ಮಂಡಿ ಮುಚ್ಚುವುದು ಅಪ್ಪನ ಊಹೆಯಲ್ಲಿತ್ತು. ಮುಚ್ಚಿದ ಮಂಡಿಯ ಬೋರ್ಡು ಹಾಗೇ ಉಳಿಸಿಕೊಂಡು ಒಳಗೆ ಇಸ್ಪೀಟು ಕ್ಲಬ್ಬು ಮಾಡುತ್ತಾರೆ ಅನ್ನೋದು ಅವನಿಗೂ ಹೊಳೆದಿರಲಿಲ್ಲ. ಹದಿಮೂರು-ಹದಿನಾಲ್ಕು ವರ್ಷದ ಮಕ್ಕಳ ಕೈಯಲ್ಲಿ ಅಪ್ಪನ ಹೆಸರಿರುವ ಹಾಳೆ, ಅದರ ಕೆಳಗೆ ರಮ್ಮಿ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಆ ಹಳೇ ಕಡತ ತೆಗೆದೆ. ಮೊದಲ ಎರಡು ಕಾಲಮ್ಮು ಇದ್ದದ್ದರಿಂದ ಗಿಡ್ಡದ್ದು ಯಾವ ಉದ್ದದ್ದರ ಚೀಟಿ ಅನ್ನೋದು ಒಂದೂ ಕಳೆದಿರಲಿಲ್ಲ. ನಮ್ಮ ಪುಸ್ತಕ ನಮ್ಮಲ್ಲಿತ್ತು. ಇಂಥ ಪುಸ್ತಕ ಇಲ್ಲದವರ ಗತಿ ಏನು ಅಂತ ಯೋಚಿಸಿದವರೂ ಇದ್ದಾರೆ. ಆರ್ಕೈವ್ ಟೀಮಿನ ಸ್ವಯಂಸೇವಕರು ಯುಆರ್‌ಎಲ್ ಟೀಮ್ ಅಂತ ಮಾಡಿಕೊಂಡು ಗಿಡ್ಡ ಕೊಂಡಿಗಳನ್ನು ಸಾಲಾಗಿ ಒತ್ತಿ ಒತ್ತಿ, ಎಲ್ಲಿಗೆ ಹೋಗುತ್ತವೆ ಅಂತ ಬರೆದಿಡುತ್ತಿದ್ದಾರೆ. ದೊಡ್ಡವರೂ ಬಾಗಿಲು ಹಾಕುತ್ತಾರೆ. ಗೂಗಲ್ಲಿನ ಗಿಡ್ಡ ಕೊಂಡಿ 2009ರಲ್ಲಿ ಶುರುವಾಗಿ, 2019ರಲ್ಲಿ ಹೊಸದಾಗಿ ಮಾಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್ 25ರ ನಂತರ ಹಳೆಯವೂ ಕೆಲಸ ಮಾಡಲ್ಲ ಅಂತ 2024ರಲ್ಲಿ ಹೇಳಿ, ಕೊನೆ ಗಳಿಗೆಯಲ್ಲಿ “ಬಳಕೆಯಲ್ಲಿ ಇರುವವನ್ನು ಉಳಿಸುತ್ತೇವೆ” ಅಂತ ಮಾತು ಬದಲಿಸಿದರು. ಯಾರೂ ಒತ್ತದೆ ಬಿದ್ದಿದ್ದವು ಹೋದವು. ಲ್ಯಾಮಿನೇಟ್ ಮಾಡಿಟ್ಟ ಹಾಳೆಯ ಮೇಲಿನ ಕೊಂಡಿಯನ್ನು ಯಾರು ತಾನೇ ಪ್ರತಿ ತಿಂಗಳು ಒತ್ತುತ್ತಾರೆ?

ಈಗ ಉಪಕರಣವನ್ನು ಹಿಂದುಮುಂದು ಮಾಡಿದೆ. ಉದ್ದದ್ದನ್ನು ತಿರುಗಿ ತಂದು, ಕರ್ಲ್‌ನಿಂದ ಪುಟದ ತಲೆಬರಹವನ್ನಷ್ಟೇ ಕೇಳಿ, ಬದುಕಿದೆಯೋ ಸತ್ತಿದೆಯೋ ನೋಡು ಅಂತ. ಇಲ್ಲಿ ಯಂತ್ರವನ್ನು ಪೂರ್ತಿ ನಂಬುವ ಹಾಗಿಲ್ಲ. 404 ಅಂತ ಪ್ರಾಮಾಣಿಕವಾಗಿ ಸತ್ತವು ಪರವಾಗಿಲ್ಲ. ಕೆಲವು ತಾಣಗಳು 200, ಎಲ್ಲ ಸರಿ ಇದೆ ಅನ್ನುತ್ತಲೇ “ಕ್ಷಮಿಸಿ, ಪುಟ ಸಿಗಲಿಲ್ಲ” ಅನ್ನೋ ಪುಟ ಕೊಡುತ್ತವೆ. ಇನ್ನು ಕೆಲವು ಮುಖಪುಟಕ್ಕೆ ತಳ್ಳುತ್ತವೆ. ಹಾಗಾಗಿ ಒಂದೊಂದನ್ನೂ ತೆರೆದು, ಅಪ್ಪನ ಮೂರನೇ ಕಾಲಮ್ಮಿನ ಜೊತೆ ಇಟ್ಟು ನೋಡಬೇಕಾಯಿತು. ಚಿತ್ರ ಚೆನ್ನಾಗಿದೆಯಾ? ಕೊನೆಯ ಪ್ಯಾರಾ ಬಿಡಬಹುದಾ? ಹೌದು, ಅದೇ ಪುಟ. ಸುಮಾರು ಎರಡು ತಿಂಗಳು, ದಿನಾ ರಾತ್ರಿ ಅಪ್ಪನ ಜೊತೆ ಕೂತು ಓದಿದ ಹಾಗಾಯಿತು. ಬದುಕಿದ್ದಾಗ ಇಷ್ಟು ಹೊತ್ತು ಒಟ್ಟಿಗೆ ಕೂತದ್ದಿಲ್ಲ.

312ರಲ್ಲಿ 194 ಬದುಕಿದ್ದವು. ಸತ್ತ 118ರಲ್ಲಿ 71ರ ಹಳೇ ಪ್ರತಿ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮೆಶೀನಿನಲ್ಲಿ ಸಿಕ್ಕಿತು. ಉಳಿದ 47ಕ್ಕೆ ಉದ್ದ ವಿಳಾಸ ಇದ್ದೂ ಉಪಯೋಗವಿಲ್ಲ. ಆ ಮನೆಯೇ ಇಲ್ಲ. ಅವುಗಳಲ್ಲಿ 30ನ್ನು ಬರೀ ಅಪ್ಪನ ಸಾಲಿನಿಂದ ಹುಡುಕಿದೆ. “ಪಶ್ಚಿಮಘಟ್ಟದ ಸಿಂಗಳೀಕ, ಎಣಿಸುವ ವಿಧಾನ” ಅಂತ ಇದ್ದರೆ ಅದನ್ನೇ ಹುಡುಕಿದಾಗ ಅದೇ ಲೇಖನ ಬೇರೆ ವಿಳಾಸದಲ್ಲಿ, ಬೇರೆ ಅಂಗಿ ತೊಟ್ಟು ಕೂತಿರುತ್ತಿತ್ತು.

ಹಾಳೆಗಳನ್ನು ಮತ್ತೆ ಅಚ್ಚು ಹಾಕಬೇಕಲ್ಲ, ಈ ಸಲ ಏನು ಮಾಡುವುದು? ವಿಕಿಪೀಡಿಯದ್ದಕ್ಕೆ ಸುಲಭ. 2019ರಿಂದ ವಿಕಿಮೀಡಿಯದವರದ್ದೇ ಡಬ್ಲ್ಯೂ ಡಾಟ್ ವಿಕಿ ಅನ್ನೋ ಗಿಡ್ಡ ಕೊಂಡಿ ಇದೆ. ಅವರ ತಾಣಗಳ ಪುಟಗಳನ್ನು ಮಾತ್ರ ಗಿಡ್ಡ ಮಾಡುತ್ತದೆ, ಹಾಗಾಗಿ ಅದರ ಹಿಂದೆ ರಮ್ಮಿ ಅಡಗಲು ಬರುವುದಿಲ್ಲ. ಕರಿ ತೆರೆಯಿಂದಲೂ ಕೇಳಬಹುದು. ಅದೂ ಬೇಡ ಅಂದರೆ ಪ್ರತಿ ಪುಟಕ್ಕೂ ಒಂದು ಸಂಖ್ಯೆ ಇರುತ್ತದೆ. ಪಕ್ಕದಲ್ಲಿ “ಪುಟದ ಮಾಹಿತಿ” ಒತ್ತಿದರೆ ಸಿಗುತ್ತದೆ. ತಾಣದ ಹೆಸರು, ಪ್ರಶ್ನಾರ್ಥಕ ಚಿಹ್ನೆ, ಸಿಯುಆರ್‌ಐಡಿ, ಸಮ ಚಿಹ್ನೆ, ಆ ಸಂಖ್ಯೆ. ಮಧ್ಯೆ ಯಾವ ದಲ್ಲಾಳಿಯೂ ಇಲ್ಲದ ಗಿಡ್ಡ ಕೊಂಡಿ, ವಿಕಿಪೀಡಿಯ ಅಂತ ಕಾಣುತ್ತಲೂ ಇರುತ್ತದೆ. ಅಪ್ಪನಿಗೆ ಇದು ಹಿಡಿಸುತ್ತಿತ್ತು.

ಬೇರೆಯವಕ್ಕೆ ಕ್ಯೂಆರ್ ಹಾಕು ಅಂದರು ಗೆಳೆಯರು. ಹಾಕಿ ನೋಡಿದೆ. ನೂರಕ್ಷರದ ಕೊಂಡಿಯ ಕ್ಯೂಆರ್ ಅಕ್ಕಿ ನುಚ್ಚಿನ ಹಾಗೆ ಒತ್ತೊತ್ತು. ಜೆರಾಕ್ಸಿನ ಜೆರಾಕ್ಸಿನಲ್ಲಿ ಕಪ್ಪು ಚೌಕ. ಅಲ್ಲದೆ ಅದೂ ಕಣ್ಣು ಕಟ್ಟುವ ಜಾತಿಯೇ. ಸ್ವಂತ ಹೆಸರು ಕೊಂಡು ಸ್ವಂತ ಗಿಡ್ಡ ಕೊಂಡಿ ಮಾಡು ಅಂದರು ಇನ್ನೊಬ್ಬರು. ಮಾಡಬಹುದು. ಪ್ರತಿ ವರ್ಷ ದುಡ್ಡು ಕಟ್ಟಬೇಕು. ನನ್ನ ನಂತರ ಯಾರು ಕಟ್ಟುತ್ತಾರೆ? ಆ ಹೆಸರೂ ಹರಾಜಿಗೆ ಬಂದರೆ? ಕೊನೆಗೆ ಟೀಚರನ್ನೇ ಕೇಳಿದೆ.

“ಲಿಂಕ್ ಇದ್ದರೆ ಇರ್ಲಿ, ಆದ್ರೆ ಮೇಷ್ಟ್ರು ಬರೆದಿರೋ ಸಾಲು ಹಾಕಿ ಬಿಡಿ. ಮಕ್ಕಳು ಹುಡುಕಿಕೊಳ್ತಾರೆ. ಅದರಲ್ಲಿ ಅವರ ಧ್ವನಿ ಕೇಳುತ್ತೆ” ಅಂದರು.

ಹಾಗೇ ಮಾಡುತ್ತಿದ್ದೇನೆ. “ಇನ್ನೂ ಓದಬೇಕೆಂದರೆ” ಕೆಳಗೆ ಈಗ ಅಪ್ಪನ ಸಾಲು, ಪಕ್ಕದಲ್ಲಿ ತಾಣದ ಹೆಸರು, ಗಿಡ್ಡವಾಗಿದ್ದರೆ ಕೊಂಡಿ. ಉಪಕರಣದಲ್ಲಿ ಗಿಡ್ಡ ಮಾಡಲು ಹೊರಗಿನವರ ಬಾಗಿಲು ತಟ್ಟುವ ಭಾಗವನ್ನು ಕಿತ್ತು ಹಾಕಿದ್ದೇನೆ. ಮೈ ತೊಳೆಯುವುದು, ಬೇಲಿ ನೋಡುವುದು, ವಿಕಿಪೀಡಿಯದ ಪುಟಸಂಖ್ಯೆ ತರುವುದು, ಮೂರನೇ ಕಾಲಮ್ಮನ್ನು ಪಠ್ಯದೊಳಗೆ ಕೂರಿಸುವುದು ಇಷ್ಟು ಉಳಿದಿದೆ. 74ರಲ್ಲಿ 58 ಹಾಳೆ ಹೊಸನಗರ ತಲುಪಿವೆ. ಬಿಡುವಾದ ಹಾಗೆ ಉಳಿದವು.

ಸಿಗದೆ ಉಳಿದದ್ದು 17. ಅದರಲ್ಲಿ ಒಂದಕ್ಕೆ ನಿಮ್ಮ ಸಹಾಯ ಬೇಕು. ಹಾಳೆ 29, 2013ರ ಜುಲೈ. ತಾಣವೇ ಮಾಯವಾಗಿದೆ, ವೇಬ್ಯಾಕಿನಲ್ಲೂ ಇಲ್ಲ. ಅಪ್ಪ ಬರೆದಿರುವುದು ಇಷ್ಟು: “ಮಳೆಗಾಲದ ಗದ್ದೆ ಏಡಿ. ಅಮ್ಮ ಏಡಿ ಹಿಡಿಯುತ್ತಿದ್ದುದು, ಹೊಟ್ಟೆಯಡಿ ಮರಿ ಇದ್ದರೆ ಬಿಡುತ್ತಿದ್ದುದು. ಬರೆದದ್ದು ಒಬ್ಬ ಹೆಂಗಸು. ವಿಜ್ಞಾನ ಸ್ವಲ್ಪವೇ, ಆದರೂ ಇದನ್ನೇ ಮೊದಲು ಓದಿ.” ಕನ್ನಡದ್ದೇ ಬರಹ, ಅದು ಖಾತ್ರಿ. ಉದ್ದ ವಿಳಾಸದ ಬಾಲದಲ್ಲಿ ಶೇಕಡಾ ಚಿಹ್ನೆಗಳನ್ನು ಬಿಡಿಸಿದರೆ “ಏಡಿ” ಅಂತ ಬರುತ್ತದೆ. ನಮ್ಮಲ್ಲೇ ಯಾರಾದರೂ ಬರೆದದ್ದಿರಬಹುದು. ನೀವೇ ಬರೆದವರಾಗಿದ್ದರೆ, ಅಥವಾ ಓದಿ ಎಲ್ಲಾದರೂ ಉಳಿಸಿಕೊಂಡಿದ್ದರೆ ಒಂದು ಮಾತು ತಿಳಿಸಿ. ಕೊಂಡಿ ಎಷ್ಟು ಉದ್ದ ಇದ್ದರೂ ಪರವಾಗಿಲ್ಲ.